ಬೆಂಚ್ ಪ್ರೆಸ್ ವ್ಯಾಯಾಮ: ಸುರಕ್ಷಿತ ಹಾಗೂ ಕ್ರಮಬದ್ಧ ವಿಧಾನ

(ವ್ಯಾಯಾಮಶಾಲೆಗಳ ಪ್ರವೇಶಕ್ಕೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಸಮತಟ್ಟಾದ ಬೆಂಚಿನ ಮೇಲೆ ಅಂಗಾತ ಮಲಗಿ, ಭಾರ ಅಳವಡಿಸಿದ ಉಕ್ಕಿನ ಸರಳನ್ನು ಎದೆಯವರೆಗೆ ಇಳಿಸಿ, ಪುನಃ ತೋಳುಗಳು ನೇರವಾಗುವವರೆಗೆ ಮೇಲೆತ್ತುವ ವ್ಯಾಯಾಮಕ್ಕೆ ಬೆಂಚ್ ಪ್ರೆಸ್ ಎಂದು ಹೆಸರು. ಎದೆಯ ದೊಡ್ಡ ಸ್ನಾಯು, ಭುಜದ ಮುಂಭಾಗದ ಸ್ನಾಯು ಹಾಗೂ ಮೇಲ್ತೋಳಿನ ಹಿಂಭಾಗದ ಸ್ನಾಯುಗಳು ಇದರಿಂದ ಬಲಗೊಳ್ಳುತ್ತವೆ. ಗರಡಿಮನೆಗಳಲ್ಲಿ ತಲೆಮಾರುಗಳಿಂದ ರೂಢಿಯಲ್ಲಿರುವ ದಂಡ ಹೊಡೆಯುವ ಸಾಮಿನಲ್ಲಿಯೂ ಮುಖ್ಯವಾಗಿ ದುಡಿಯುವುದು ಇವೇ ಸ್ನಾಯುಗಳು. ಆದರೆ ಒಂದು ವ್ಯತ್ಯಾಸವುಂಟು. ದಂಡ ಹೊಡೆಯುವಾಗ ಬಳಲಿದವರು ನೆಲಕ್ಕೆ ಒರಗಬಹುದು. ಬೆಂಚ್ ಪ್ರೆಸ್‌ನಲ್ಲಿ ಬಳಲಿದಾಗ ಭಾರವು ಅಭ್ಯಾಸಿಯ ಎದೆ ಅಥವಾ ಕುತ್ತಿಗೆಯ ಮೇಲಿರುತ್ತದೆ. ಕುತ್ತಿಗೆಯ ಮೇಲೆ ಬಿದ್ದ ಸರಳು ಉಸಿರನ್ನು ತಡೆದು ಪ್ರಾಣಕ್ಕೆ ಎರವಾಗಬಲ್ಲದು. ಆದುದರಿಂದ ಈ ಕೆಳಗಿನ ಕ್ರಮಗಳನ್ನು ತಪ್ಪದೆ ಪಾಲಿಸುವುದು ಅವಶ್ಯಕ.

ಪವರ್‌ಲಿಫ್ಟಿಂಗ್ ಕ್ರೀಡೆಯ ಮೂರು ಎತ್ತುಗೆಗಳಲ್ಲಿ ಬೆಂಚ್ ಪ್ರೆಸ್ ಒಂದು. ಅಂಗವಿಕಲರ ಪ್ಯಾರಾ ಪವರ್‌ಲಿಫ್ಟಿಂಗ್‌ನಲ್ಲಿ ಸ್ಪರ್ಧೆ ನಡೆಯುವುದು ಇದೊಂದರಲ್ಲಿಯೇ. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಜಿಂದರ್ ಸಿಂಗ್ ರಹೇಲು ಅವರು ಈ ವಿಭಾಗದಲ್ಲಿ ಭಾರತಕ್ಕೆ ಕಂಚಿನ ಪದಕ ತಂದರು. ಕರ್ನಾಟಕದ ಫರ್ಮಾನ್ ಬಾಷಾ ಅವರಿಗೆ ಈ ಕ್ರೀಡೆಯಲ್ಲಿನ ಸಾಧನೆಗಾಗಿ 2008ರ ಅರ್ಜುನ ಪ್ರಶಸ್ತಿ ಸಂದಿದೆ.

2. ವೈದ್ಯರ ಸಲಹೆ ಪಡೆಯಬೇಕಾದವರು

ಅಧಿಕ ರಕ್ತದೊತ್ತಡ, ಹೃದ್ರೋಗ, ಅಂಡವಾಯು, ಮಧುಮೇಹದಿಂದುಂಟಾದ ಕಣ್ಣಿನ ತೊಂದರೆ ಅಥವಾ ಭುಜದ ಹಳೆಯ ಗಾಯ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು ಹಾಗೂ ಗರ್ಭಿಣಿಯರು ವೈದ್ಯರ ಸಲಹೆ ಪಡೆದ ನಂತರವೇ ಈ ವ್ಯಾಯಾಮದ ಬಗ್ಗೆ ತೀರ್ಮಾನಿಸತಕ್ಕದ್ದು.

3. ಸಲಕರಣೆಗಳ ಪರಿಶೀಲನೆ

ಅ) ಬೆಂಚು ಅಲುಗಾಡದಂತಿರಬೇಕು. ಸ್ಪರ್ಧಾ ನಿಯಮಗಳ ಪ್ರಕಾರ ಅದರ ಎತ್ತರ 42ರಿಂದ 45 ಸೆಂ.ಮೀ. ಕುಳ್ಳಗಿನವರ ಪಾದ ನೆಲಕ್ಕೆ ತಾಗದಿದ್ದಲ್ಲಿ ಪಾದದಡಿ ಗಟ್ಟಿಯಾದ ಹಲಗೆ ಇಡುವುದು ಸೂಕ್ತ.

ಆ) ಸರಳನ್ನು ಇರಿಸುವ ಕೊಕ್ಕೆಗಳು, ಮಲಗಿದವರು ಮೊಣಕೈಯನ್ನು ಸ್ವಲ್ಪ ಮಡಿಚಿದ ಸ್ಥಿತಿಯಲ್ಲಿಯೇ ಸರಳನ್ನು ಹಿಡಿಯಬಲ್ಲ ಎತ್ತರದಲ್ಲಿರಬೇಕು. ಕೊಕ್ಕೆಗಳು ಎತ್ತರವಾದಲ್ಲಿ ಭುಜಗಳು ತಮ್ಮ ಸ್ಥಾನದಿಂದ ಸರಿಯುತ್ತವೆ.

ಇ) ಸುರಕ್ಷತಾ ಕಂಬಿಗಳಿದ್ದಲ್ಲಿ, ಅವುಗಳನ್ನು ಎದೆಯ ಮಟ್ಟಕ್ಕಿಂತ ತುಸು ಕೆಳಗೆ, ಕುತ್ತಿಗೆಯ ಮಟ್ಟಕ್ಕಿಂತ ಮೇಲೆ ಅಳವಡಿಸತಕ್ಕದ್ದು. ಬರಿಯ ಸರಳಿನಿಂದ ಒಮ್ಮೆ ಪರೀಕ್ಷಿಸಿ ನೋಡುವುದು ಅಗತ್ಯ.

ಈ) ಪುರುಷರ ಸ್ಪರ್ಧಾ ಮಾದರಿಯ ಸರಳಿನ ತೂಕವೇ 20 ಕೆ.ಜಿ. ಎರಡೂ ಬದಿಗೆ 10 ಕೆ.ಜಿ. ತಟ್ಟೆಗಳನ್ನು ಹಾಕಿದರೆ ಒಟ್ಟು ಭಾರ 40 ಕೆ.ಜಿ. ಆಗುತ್ತದೆ. ಸರಳಿನ ತೂಕವನ್ನು ಲೆಕ್ಕಕ್ಕೆ ಹಿಡಿಯದೆ ಭಾರ ಏರಿಸುವುದು ಆರಂಭಿಕರ ಸಾಮಾನ್ಯ ತಪ್ಪು.

ಉ) ತಟ್ಟೆಗಳನ್ನು ಹಾಕುವಾಗಲೂ ತೆಗೆಯುವಾಗಲೂ ಎರಡು ಬದಿಗಳಲ್ಲಿ ಸರದಿಯಂತೆ ಒಂದೊಂದಾಗಿ ಮಾಡಬೇಕು. ಒಂದೇ ಬದಿಯ ತಟ್ಟೆಗಳನ್ನೆಲ್ಲ ತೆಗೆದಲ್ಲಿ ಸರಳು ಮಗುಚಿ ಬೀಳುತ್ತದೆ.

4. ಸಹಾಯಕರ ಕರ್ತವ್ಯ

ಸ್ಪಾಟರ್ ಎಂದು ಕರೆಯಲಾಗುವ ಸಹಾಯಕರು ಅಭ್ಯಾಸಿಯ ತಲೆಯ ಹಿಂಬದಿಯಲ್ಲಿ ನಿಲ್ಲಬೇಕು. ಎಷ್ಟು ಬಾರಿ ಎತ್ತಲಾಗುವುದು, ನೆರವಿಗೆ ಯಾವ ಮಾತಿನಿಂದ ಕರೆಯಲಾಗುವುದು ಎಂಬುದನ್ನು ಮೊದಲೇ ತಿಳಿದುಕೊಂಡಿರಬೇಕು. ಸರಳು ಮೇಲೇರದೆ ನಿಂತಾಗ ಅಥವಾ ಕೆಳಗಿಳಿಯಲಾರಂಭಿಸಿದಾಗ ಕರೆಗೆ ಕಾಯದೆ ಕೈ ಹಾಕತಕ್ಕದ್ದು. ಈ ಸಮಯದಲ್ಲಿ ದೂರವಾಣಿ ನೋಡುವುದಾಗಲಿ, ಇತರರೊಡನೆ ಸಂಭಾಷಿಸುವುದಾಗಲಿ ಸಲ್ಲದು. ಸಹಾಯಕರೂ ಸುರಕ್ಷತಾ ಕಂಬಿಯೂ ಇಲ್ಲದಿದ್ದಲ್ಲಿ, ಸರಳಿನ ಬದಲು ಹಗುರವಾದ ಡಂಬೆಲ್‌ಗಳನ್ನು ಬಳಸುವುದು ಅಥವಾ ದಂಡ ಹೊಡೆಯುವುದು ಕ್ಷೇಮಕರ.

5. ಅಭ್ಯಾಸದ ಕ್ರಮ

ಅ) ಐದರಿಂದ ಹತ್ತು ನಿಮಿಷ ಮೈ ಬಿಸಿಯಾಗುವಂತೆ ಲಘು ವ್ಯಾಯಾಮ ಮಾಡಿ, ಬಳಿಕ ಬರಿಯ ಸರಳಿನಿಂದ ಕೆಲವು ಬಾರಿ ಅಭ್ಯಾಸ ಮಾಡಬೇಕು.

ಆ) ಕಣ್ಣುಗಳು ಸರಳಿನ ನೇರ ಕೆಳಗೆ ಬರುವಂತೆ ಮಲಗಬೇಕು. ತಲೆ, ಭುಜ ಹಾಗೂ ಪೃಷ್ಠ ಬೆಂಚಿಗೆ, ಪಾದಗಳು ನೆಲಕ್ಕೆ ತಾಗಿರಬೇಕು. ಹೆಗಲ ಮೂಳೆಗಳನ್ನು ಹಿಂದಕ್ಕೆ, ಕೆಳಕ್ಕೆ ಸೆಳೆದುಕೊಂಡಿರಬೇಕು. ಕೆಳಬೆನ್ನಿನ ಸಹಜ ಬಾಗು ದೋಷವಲ್ಲ. ಪೃಷ್ಠ ಮೇಲೇಳುವುದು ದೋಷ.

ಇ) ಹಿಡಿತವು ಭುಜಗಳಿಗಿಂತ ಸ್ವಲ್ಪ ಅಗಲವಾಗಿರಲಿ. ಹೆಬ್ಬೆರಳು ಸರಳನ್ನು ಸುತ್ತುವರಿದಿರಲೇಬೇಕು. ಹೆಬ್ಬೆರಳು ಸುತ್ತದ ಹಿಡಿತದಲ್ಲಿ ಸರಳು ಅಂಗೈಯಿಂದ ಜಾರುವ ಅಪಾಯವಿದೆ. ಮಣಿಕಟ್ಟು ಹಿಂದಕ್ಕೆ ಬಾಗದೆ ಮುಂಗೈಗೆ ನೇರವಾಗಿರಬೇಕು.

ಈ) ಸಹಾಯಕರ ನೆರವಿನಿಂದ ಸರಳನ್ನು ಕೊಕ್ಕೆಯಿಂದ ತೆಗೆದು, ಭುಜಗಳ ನೇರಕ್ಕೆ ತಂದು ಕ್ಷಣಕಾಲ ಸ್ಥಿರಗೊಳಿಸಬೇಕು.

ಉ) ಉಸಿರನ್ನು ಒಳಗೆಳೆದುಕೊಳ್ಳುತ್ತ ಸರಳನ್ನು ನಿಧಾನವಾಗಿ ಎದೆಯ ಕೆಳಭಾಗಕ್ಕೆ ಇಳಿಸಬೇಕು. ಮೊಣಕೈಗಳು ಭುಜದ ನೇರಕ್ಕೆ ಪೂರ್ತಿ ಚಾಚಿಕೊಳ್ಳಬಾರದು; ಮೈಗೆ ಸುಮಾರು 45ರಿಂದ 70 ಡಿಗ್ರಿ ಕೋನದಲ್ಲಿರಬೇಕು. ಸರಳನ್ನು ಎದೆಗೆ ಬಡಿದು ಚಿಮ್ಮಿಸಬಾರದು.

ಊ) ಉಸಿರು ಬಿಡುತ್ತ ಸರಳನ್ನು ತುಸು ಹಿಂದಕ್ಕೆ, ಭುಜಗಳ ನೇರಕ್ಕೆ ಬರುವಂತೆ ಮೇಲೆತ್ತಬೇಕು. ದೀರ್ಘಕಾಲ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆ.

ಋ) ಕೊನೆಯಲ್ಲಿ ತೋಳುಗಳನ್ನು ನೇರವಾಗಿರಿಸಿಕೊಂಡೇ ಸರಳನ್ನು ಕಂಬಗಳಿಗೆ ತಾಗಿಸಿ, ನಂತರ ಕೊಕ್ಕೆಗಳಿಗೆ ಇಳಿಸಬೇಕು.

6. ಭಾರ ಮತ್ತು ಆವರ್ತನ

ಆರಂಭಿಕರು 8ರಿಂದ 12 ಬಾರಿ ಕ್ರಮ ತಪ್ಪದೆ ಎತ್ತಬಲ್ಲ ಭಾರವನ್ನು ಆರಿಸಿಕೊಳ್ಳಬೇಕು. ಅದಕ್ಕಿಂತ ಒಂದೆರಡು ಬಾರಿ ಹೆಚ್ಚಾಗಿ ಎತ್ತಲು ಸಾಧ್ಯವಾದ ನಂತರವೇ ಭಾರವನ್ನು ಶೇ. 2ರಿಂದ 10ರಷ್ಟು ಏರಿಸಬಹುದು. ವಾರಕ್ಕೆ ಎರಡು ಅಥವಾ ಮೂರು ದಿನಗಳ ಅಭ್ಯಾಸ ಸಾಕು; ನಡುವೆ ಕನಿಷ್ಠ ಒಂದು ದಿನದ ವಿಶ್ರಾಂತಿ ಇರಲಿ. ಒಮ್ಮೆಗೆ ಎಷ್ಟು ಗರಿಷ್ಠ ಭಾರ ಎತ್ತಬಹುದೆಂಬ ಪಂತಕ್ಕೆ ಆರಂಭಿಕರು ಇಳಿಯಬಾರದು. ವಯಸ್ಕರು ವಾರಕ್ಕೆ ಕನಿಷ್ಠ ಎರಡು ದಿನ ಎಲ್ಲ ಪ್ರಮುಖ ಸ್ನಾಯುಗಳ ಬಲವರ್ಧನೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಆದ್ದರಿಂದ ಬೆನ್ನು ಮತ್ತು ಕಾಲುಗಳ ವ್ಯಾಯಾಮವನ್ನು ಕಡೆಗಣಿಸತಕ್ಕದ್ದಲ್ಲ.

7. ಅಪಾಯದ ಸಂದರ್ಭದಲ್ಲಿ

ಸರಳು ಎದೆಯ ಮೇಲೆ ನಿಂತುಬಿಟ್ಟಲ್ಲಿ ಕೂಡಲೇ ಕೂಗಿ ನೆರವು ಕೋರಬೇಕು. ಅದು ಕುತ್ತಿಗೆಯತ್ತ ಹೊರಳದಂತೆ ಎರಡೂ ಕೈಗಳಿಂದ ಬಿಗಿಹಿಡಿಯಬೇಕು. ಯಾರೂ ಇಲ್ಲದ ಪಕ್ಷದಲ್ಲಿ, ಭಾರ ಹಗುರವಾಗಿದ್ದರೆ, ಸರಳನ್ನು ಮೆಲ್ಲನೆ ಸೊಂಟದತ್ತ ಉರುಳಿಸಿ ಎದ್ದು ಕೂರಬಹುದು. ಇದು ಕೊನೆಯ ಉಪಾಯವೇ ಹೊರತು ರೂಢಿಯಾಗಬಾರದು.

ಎದೆ ಅಥವಾ ಕಂಕುಳಿನ ಬಳಿ ಏನೋ ಹರಿದಂತಾಗಿ ತೀವ್ರ ನೋವು ಕಾಣಿಸಿಕೊಂಡರೆ, ಆ ಭಾಗ ಕಂದಿದರೆ, ಸ್ನಾಯುರಜ್ಜು ತುಂಡಾಗಿರುವ ಸಂಭವವಿದೆ. ವ್ಯಾಯಾಮ ನಿಲ್ಲಿಸಿ, ತಡಮಾಡದೆ ಮೂಳೆತಜ್ಞರನ್ನು ಕಾಣಬೇಕು. ಎದೆ ಹಿಸುಕಿದಂತಾಗುವುದು, ನೋವು ತೋಳು ಅಥವಾ ದವಡೆಗೆ ಹರಡುವುದು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಇವು ಹೃದಯಾಘಾತದ ಲಕ್ಷಣಗಳಾಗಿರಬಹುದು. ಇಂತಹ ಸಂದರ್ಭದಲ್ಲಿ 108 ಸಂಖ್ಯೆಗೆ ಕೂಡಲೇ ಕರೆ ಮಾಡತಕ್ಕದ್ದು.

8. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಯಾವುದೇ ವ್ಯಾಯಾಮಶಾಲೆಗೆ ಸೇರುವ ಮುನ್ನ ಅಲ್ಲಿ ತರಬೇತುದಾರರು ಲಭ್ಯವಿರುವ ವೇಳೆ, ಸುರಕ್ಷತಾ ಕಂಬಿಗಳ ವ್ಯವಸ್ಥೆ, ಬೆಂಚುಗಳ ಸುಸ್ಥಿತಿ, ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇವುಗಳನ್ನು ಖುದ್ದಾಗಿ ನೋಡಿಕೊಳ್ಳುವುದು ಒಳ್ಳೆಯದು. ತಮ್ಮ ಆರೋಗ್ಯದ ಸ್ಥಿತಿಯನ್ನು ತರಬೇತುದಾರರಿಂದ ಮರೆಮಾಚಬಾರದು. ಮೊದಲ ಕೆಲವು ವಾರಗಳ ಅಭ್ಯಾಸವನ್ನು ಅವರ ಸಮ್ಮುಖದಲ್ಲಿಯೇ ನಡೆಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.