ಕಲ್ಲು ತಂದವರು, ಕಲ್ಲು ಒಯ್ದವರು

ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಕಂಬ ಕಂಬವಾಗಿ ನಿಂತ ಆ ಕಲ್ಲುಗಳ ಮುಂದೆ ತೆಗೆಸಿಕೊಂಡ ಫೋಟೋ ಎಲ್ಲರ ಮನೆಯಲ್ಲೂ ಒಂದಾದರೂ ಇರುತ್ತೆ. ಆದರೆ ತುಳುನಾಡಿನ ಕಡಲಲ್ಲಿರುವ ದ್ವೀಪಕ್ಕೆ ಮೇರಿಯ ಹೆಸರು ಯಾಕೆ ಬಂತು ಅಂತ ಯೋಚಿಸಿದ್ದೀರಾ? ಅದು ಬಂದದ್ದು ಒಂದು ಕಲ್ಲಿನಿಂದ. ಅದೂ ಆ ದ್ವೀಪದ ಕಲ್ಲಲ್ಲ, ಪೋರ್ಚುಗಲ್ಲಿನಿಂದ ಹಡಗಿನಲ್ಲಿ ಹೊತ್ತು ತಂದ ಕಲ್ಲು!

ನಾನು ಇದನ್ನೆಲ್ಲ ಕೆದಕಿ ಓದುವುದಕ್ಕೆ ಕಾರಣ ನನ್ನ ಅಕ್ಕನ ಮಗ. ಅವನಿಗೆ ಕಲ್ಲು ಕೂಡಿಡುವ ಹುಚ್ಚು. ತುರಹಳ್ಳಿ ಕಾಡಿನಿಂದ ತಂದದ್ದು, ರಾಮನಗರದ ಬೆಟ್ಟದ ಬುಡದಿಂದ ತಂದದ್ದು ಎಲ್ಲ ಅವನ ಹತ್ತಿರ ಇವೆ. "ಮಾಮ, ಸಮುದ್ರದ ಕಡೆ ಕಲ್ಲು ಒಂದೂ ಇಲ್ಲ" ಅಂತ ವರ್ಷದಿಂದ ಕಾಡುತ್ತಿದ್ದ. ಬಸವೇಶ್ವರನಗರದಲ್ಲಿ ಕೂತು ಸಮುದ್ರ ಎಲ್ಲಿಂದ ತರುವುದು? ಒಂದು ಶುಕ್ರವಾರ ರಾತ್ರಿ ಗೊರಗುಂಟೆಪಾಳ್ಯದಲ್ಲಿ ಬಸ್ ಹತ್ತಿ ಬೆಳಗ್ಗೆ ಉಡುಪಿಯಲ್ಲಿ ಇಳಿದೆವು. ಶನಿವಾರ ರಾತ್ರಿ ಮತ್ತೆ ವಾಪಸ್ ಬಸ್. ನಡುವಿನ ಒಂದು ಹಗಲು ಕಲ್ಲಿಗೇ ಮೀಸಲು.

ದೋಣಿಯಲ್ಲಿ ಹೋಗುವಾಗ ಪಕ್ಕದಲ್ಲಿದ್ದವರೊಬ್ಬರು, "ವಾಸ್ಕೋ ಡ ಗಾಮ ಮೊದಲು ಇಲ್ಲಿಗೇ ಬಂದದ್ದು, ಆಮೇಲೆ ಕೋಯಿಕ್ಕೋಡಿಗೆ ಹೋದದ್ದು" ಅಂತ ತಮ್ಮ ಮಕ್ಕಳಿಗೆ ಹೇಳುತ್ತಿದ್ದರು. ಈ ಕಥೆ ಎಷ್ಟೋ ಕಡೆ ಅಚ್ಚಾಗಿಯೂ ಇದೆ. ಆದರೆ ಗಾಮನ ಜೊತೆ ಬಂದವನೊಬ್ಬ ಬರೆದಿಟ್ಟ ಆ ಪಯಣದ ದಿನಚರಿ ಉಳಿದಿದೆ. ಅದರ ಪ್ರಕಾರ ಲೆಕ್ಕ ಉಲ್ಟಾ. ಗಾಮ ಕೋಯಿಕ್ಕೋಡು ತಲುಪಿದ್ದು 1498ರ ಮೇ ತಿಂಗಳಲ್ಲಿ. ಅಲ್ಲಿನ ಸಾಮೂದಿರಿ ರಾಜನ ಜೊತೆ ಸಂಬಂಧ ಹಳಸಿ, ಆಗಸ್ಟ್ ಕೊನೆಗೆ ಹೊರಟ. ಕರಾವಳಿಯ ಗುಂಟ ಉತ್ತರಕ್ಕೆ ಸಾಗುತ್ತಾ ಸೆಪ್ಟೆಂಬರ್ ನಡುವಿಗೆ ಒಂದು ಪುಟ್ಟ ದ್ವೀಪದ ಮೇಲೆ ಕಲ್ಲಿನ ಕಂಬ ನೆಟ್ಟ. ಆ ದ್ವೀಪ ನಮ್ಮ ಮಲ್ಪೆಯದು ಎಂಬುದು ಬಹುಕಾಲದಿಂದ ನಡೆದುಬಂದ ಗುರುತು. ಅಲ್ಲಿಂದ ಮುಂದೆ ಕಾರವಾರದ ಹತ್ತಿರದ ಅಂಜದೀವ ದ್ವೀಪಕ್ಕೆ ಹೋದ. ಅಂದರೆ ಇದು ಬರುವಾಗಿನ ಕಥೆಯಲ್ಲ, ಮರಳುವಾಗಿನ ಕಥೆ.

ಈ ಕಂಬಗಳಿಗೆ ಪೋರ್ಚುಗೀಸರು 'ಪದ್ರಾವ್' ಅನ್ನುತ್ತಿದ್ದರು. ತಮ್ಮ ನಾಡಿನಲ್ಲೇ ಕಲ್ಲು ಕಡಿದು, ರಾಜಲಾಂಛನ ಕೆತ್ತಿ, ಮೇಲೆ ಶಿಲುಬೆ ಇಟ್ಟು, ಹೋದ ಹೋದ ತೀರದಲ್ಲಿ ನೆಡುವುದು. ಹೊಲದ ಬದುವಿನಲ್ಲಿ ಗಡಿಕಲ್ಲು ನೆಡುತ್ತಾರಲ್ಲ, ಹಾಗೇ. ಬೇರೆಯವರ ಹೊಲ ಅನ್ನುವುದಷ್ಟೇ ವ್ಯತ್ಯಾಸ :) ಗಾಮನಿಗೆ ಮೂರು ಕಂಬ ನೆಡಲು ರಾಜನ ಅಪ್ಪಣೆಯಾಗಿತ್ತು: ಸಾವ್ ರಫಾಯೆಲ್, ಸಾವ್ ಗೇಬ್ರಿಯೆಲ್, ಸಾಂತ ಮರಿಯ. ಮೊದಲನೆಯದು ಆಫ್ರಿಕಾದ ಪೂರ್ವ ತೀರದಲ್ಲಿ, ಎರಡನೆಯದು ಕೋಯಿಕ್ಕೋಡಿನಲ್ಲಿ, ಉಳಿದ ಸಾಂತ ಮರಿಯ ಇಲ್ಲಿ. ಕಂಬದ ಹೆಸರೇ ದ್ವೀಪಕ್ಕೆ ಅಂಟಿಕೊಂಡಿತು.

ದಿನಚರಿಯಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಮೀನುಗಾರರು ದೋಣಿಗಳಲ್ಲಿ ಬಂದು ಮೀನು ಮಾರಿದರಂತೆ, ಗಾಮ ಅವರಿಗೆ ಅಂಗಿಗಳನ್ನು ಕೊಟ್ಟನಂತೆ. ಇಲ್ಲಿ ಕಂಬ ನೆಡಬಹುದೇ ಅಂತ ಕೇಳಿದ್ದಕ್ಕೆ ಅವರು ಸಂತೋಷದಿಂದ ಒಪ್ಪಿದರಂತೆ. ಕಂಬ ನೆಟ್ಟರೆ ಬಂದವರೂ ತಮ್ಮಂತೆ ಕ್ರೈಸ್ತರೇ ಎಂದು ಖಾತ್ರಿಯಾಗುತ್ತದೆ ಅಂತ ಆ ಮೀನುಗಾರರು ಹೇಳಿದರು ಎಂದು ಬೇರೆ ಬರೆದಿದ್ದಾನೆ! ಇದು ಬಂದವರ ಲೇಖನಿಯ ಮಾತು. ಮೀನು ಮಾರಲು ಬಂದವರು ಆ ಕಲ್ಲು ನೋಡಿ ತಮ್ಮತಮ್ಮಲ್ಲಿ ಏನಂದುಕೊಂಡರೋ, ಅದನ್ನು ಯಾರೂ ಬರೆದಿಡಲಿಲ್ಲ. ಅವರ ಕಡೆಯ ಹೆಸರು ಮಾತ್ರ ಉಳಿದಿದೆ. ಸ್ಥಳೀಯರಿಗೆ ಇದು 'ತೋನ್ಸೆಪಾರ್'. ಗಾಮನ ಕಂಬ ಈಗ ಅಲ್ಲಿ ಕಾಣಸಿಗುವುದಿಲ್ಲ.

ಕಾಣಸಿಗುವುದು ಯಾರೂ ನೆಡದ ಸಾವಿರಾರು ಕಂಬಗಳು. ಅಕ್ಕನ ಮಗ ನೋಡಿದವನೇ, "ಮಾಮ, ಇದನ್ನ ಕೆತ್ತಿದ್ದು ಯಾರು?" ಅಂದ. ಐದು ಮೂಲೆ, ಆರು ಮೂಲೆ, ಏಳು ಮೂಲೆ.. ಅಳತೆಗೋಲು ಇಟ್ಟು ಕಡಿದ ಹಾಗೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಮಣ್ಣು ಬಿರುಕು ಬಿಟ್ಟು ತುಂಡು ತುಂಡಾಗುತ್ತಲ್ಲ, ಅದೇ ಲೆಕ್ಕ. ಲಾವಾ ಆರುತ್ತಾ ಕುಗ್ಗುವಾಗ ಮೇಲಿಂದ ಬಿರುಕು ಬಿಟ್ಟು, ಆ ಬಿರುಕು ಒಳಕ್ಕೆ ಇಳಿಯುತ್ತಾ ಹೋಗಿ ಕಂಬಗಳಾಗುತ್ತವೆ. ಬೆಳಗಾವಿ ಕಡೆಯ ಕಪ್ಪು ಬಸಾಲ್ಟ್‌ನ ತಮ್ಮಂದಿರಿರಬೇಕು ಇವು ಅಂತ ಅನ್ನಿಸಬಹುದು. ಅಲ್ಲ. ಆ ದಖ್ಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಮಲ್ಪೆಯದು ಅದಕ್ಕಿಂತ ಹಳೆಯದು, ಸುಮಾರು 9 ಕೋಟಿ ವರ್ಷ. ಬಸಾಲ್ಟ್‌ಗಿಂತ ಸಿಲಿಕಾ ಹೆಚ್ಚಿರುವ ಬೇರೆ ಜಾತಿಯ ಲಾವಾ. ಹೆಚ್ಚುಕಡಿಮೆ ಇದೇ ವಯಸ್ಸಿನ ಜ್ವಾಲಾಮುಖಿ ಕಲ್ಲು ಇರುವುದು ಎಲ್ಲಿ ಗೊತ್ತೆ? ಮಡಗಾಸ್ಕರ್‌ನಲ್ಲಿ. ಭಾರತ, ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದ ಕಾಲದ ಕೊನೆಗೆ, ಎರಡೂ ಬೇರೆಯಾಗುವ ಹೊತ್ತಿನಲ್ಲಿ ಉಕ್ಕಿದ ಲಾವಾ ಇದು. ಅಣ್ಣತಮ್ಮಂದಿರು ಪಾಲಾದಾಗ ಬರೆಸಿದ ಪತ್ರ ಇದ್ದ ಹಾಗೆ. ಒಂದು ಪ್ರತಿ ಅಲ್ಲಿ, ಒಂದು ಪ್ರತಿ ಇಲ್ಲಿ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿರುವುದು ಇದಕ್ಕೇ. ಇಲ್ಲಿಂದ ಒಂದು ಚೂರೂ ಒಯ್ಯುವ ಹಾಗಿಲ್ಲ ಅಂದಾಗ ಹುಡುಗನ ಮುಖ ಸಪ್ಪಗಾಯಿತು. "ಇಷ್ಟೊಂದು ಇವೆ, ಒಂದು ತಗೊಂಡ್ರೆ ಏನು?" ಅಂದ. ದಿನಕ್ಕೆ ದೋಣಿಗಟ್ಟಲೆ ಜನ ಬರುತ್ತಾರೆ, ಎಲ್ಲರೂ ಇದನ್ನೇ ಕೇಳಿದರೆ ಅಂದೆ. ಲೆಕ್ಕ ಮಾಡುತ್ತಾ ಸುಮ್ಮನಾದ.

ಖಾಲಿ ಕೈಯಲ್ಲಿ ಬರಲಿಲ್ಲ ಬಿಡಿ. ದಡಕ್ಕೆ ಬಂದ ಮೇಲೆ ದಾರಿಯಲ್ಲಿ ಒಂದು ಮನೆ ಕಟ್ಟುತ್ತಿದ್ದರು. ಗೋಡೆ ಪೂರ್ತಿ ಕೆಂಪುಕಲ್ಲು. ಒಂದು ಚೂರು ಕೊಡ್ತೀರಾ ಅಂತ ಕೇಳಿದ್ದಕ್ಕೆ ಮೇಸ್ತ್ರಿ ನಕ್ಕು, "ಎಂಥ ಮಾರಾಯ್ರೆ, ಬೆಂಗ್ಳೂರಲ್ಲಿ ಕಲ್ಲಿಲ್ವಾ?" ಅಂದರು. ಕೊಟ್ಟರು.

ಈ ಕೆಂಪುಕಲ್ಲಿಗೂ ಒಂದು ಚರಿತ್ರೆ ಇದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ, ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ನೋಡಿ ಬಾ ಅಂತ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. 1800-01ರಲ್ಲಿ ಅವನು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನೆಲ್ಲ ಸುತ್ತಿದ. ಮಲಬಾರಿನ ಅಂಗಾಡಿಪುರಂನಲ್ಲಿ ನೆಲದಿಂದ ತೆಗೆಯುವಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟರೆ ಇಟ್ಟಿಗೆಯಂತೆ ಗಟ್ಟಿಯಾಗುವ ಈ ಕಲ್ಲನ್ನು ವಿವರಿಸಿ 'ಲ್ಯಾಟರೈಟ್' ಎಂಬ ಹೆಸರು ಸೂಚಿಸಿದ. 1807ರಲ್ಲಿ ಪುಸ್ತಕ ಅಚ್ಚಾಯಿತು, ಹೆಸರು ಜಗತ್ತಿಗೆಲ್ಲ ಹಬ್ಬಿತು. ಲ್ಯಾಟಿನ್ನಿನಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ತಮಾಷೆ ಏನೆಂದರೆ, ಅಲ್ಲಿನ ಜನ ಇದನ್ನು ಇಟ್ಟಿಗೆಕಲ್ಲು ಅನ್ನುತ್ತಾರೆ ಅಂತ ಬುಕಾನನ್ನೇ ಬರೆದಿದ್ದಾನೆ. ಕನ್ನಡದ 'ಜಂಬಿಟ್ಟಿಗೆ'ಯಲ್ಲೂ ಇಟ್ಟಿಗೆ ಕೂತಿದೆ ನೋಡಿ. ಕಲ್ಲು ಕಡಿಯುವವರು ಯಾವಾಗಲೋ ಇಟ್ಟ ಹೆಸರು ಲ್ಯಾಟಿನ್ನಿಗೆ ಹೋಗಿ, ಪಠ್ಯಪುಸ್ತಕದ ಮೂಲಕ ನಮಗೇ ವಾಪಸ್ ಬಂತು!

ಹೀಗೆ ಕಲ್ಲಿಗಿಂತ ದೂರ ಹೋಗುವುದು ಕಲ್ಲಿನ ಹೆಸರು. ನಮ್ಮ ಪಶ್ಚಿಮ ಬೆಂಗಳೂರಿನ ಮಗ್ಗುಲಲ್ಲೂ ಇಂಥದ್ದೊಂದಿದೆ. ಕೆಂಗೇರಿ ದಾಟಿ ರಾಮನಗರದ ಕಡೆ ಹೋದರೆ ಸಿಗುವ ಬಂಡೆಗಳ ಸಾಲಿಗೆ ವಿಜ್ಞಾನಿಗಳು ಇಂದಿಗೂ 'ಕ್ಲೋಸ್‌ಪೇಟ್ ಗ್ರಾನೈಟ್' ಅನ್ನುತ್ತಾರೆ. ಟಿಪ್ಪುವಿನ ನಂತರ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರು ಊರಿಗೆ ಬಂದಿತ್ತು. ಊರು ಆ ಹೆಸರು ಬಿಟ್ಟು ಎಷ್ಟೋ ವರ್ಷವಾಯಿತು, ಸುಮಾರು 250 ಕೋಟಿ ವರ್ಷದ ಕಲ್ಲು ಮಾತ್ರ ಅದನ್ನು ಹೊತ್ತುಕೊಂಡೇ ಇದೆ.

ಹಾಗಾದರೆ ಕಲ್ಲು ಆಯುವುದೇ ತಪ್ಪಾ? ನನಗೆ ಹಾಗನ್ನಿಸುವುದಿಲ್ಲ. ರಾಬರ್ಟ್ ಬ್ರೂಸ್ ಫುಟ್ ನೆನಪಾಗುತ್ತಾನೆ. 1863ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಅವನಿಗೊಂದು ಕೈಗೊಡಲಿ ಸಿಕ್ಕಿತು. ಭಾರತದಲ್ಲಿ ಶಿಲಾಯುಗದ ಮನುಷ್ಯ ಇದ್ದ ಅನ್ನುವುದಕ್ಕೆ ಸಾಕ್ಷಿ ಅಲ್ಲಿಂದ ಶುರು. ಧಾರವಾಡ, ಬಳ್ಳಾರಿ ಸೀಮೆಯನ್ನೆಲ್ಲ ತಿರುಗಿದ ಅವನು ಮುಂದೆ ಮೈಸೂರು ಸಂಸ್ಥಾನದಲ್ಲೂ ಕೆಲಸ ಮಾಡಿದ. ಅವನು ಕೂಡಿಸಿದ ರಾಶಿಯನ್ನು 1904ರಲ್ಲಿ ಮದರಾಸು ಮ್ಯೂಸಿಯಂ ಕೊಂಡುಕೊಂಡಿತು. ಅದಕ್ಕೆ ಬೆಲೆ ಬಂದದ್ದು ಕಲ್ಲು ಚೆಂದ ಇದ್ದದ್ದಕ್ಕಲ್ಲ. ಯಾವ ಚೂರು ಯಾವ ಊರಿನದು ಅಂತ ಪಟ್ಟಿ ಮಾಡಿಟ್ಟಿದ್ದಕ್ಕೆ. ಊರು ಗೊತ್ತಿದ್ದರೆ ಅದು ಸಾಕ್ಷಿ. ಇಲ್ಲದಿದ್ದರೆ ಬರೀ ಜಲ್ಲಿ.

ಇದು ಮಕ್ಕಳ ಆಟದ ಮಾತಲ್ಲ. ರಾಜಾಜಿನಗರ, ವಿಜಯನಗರದ ಹಳೆ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಒರಳುಕಲ್ಲು, ಹೊಸ್ತಿಲಿನ ಚಪ್ಪಡಿ, ಅಡುಗೆಮನೆಯ ಕಡಪ ಕಲ್ಲು ಎಲ್ಲ ಫುಟ್‌ಪಾತಿಗೆ ಬೀಳುವುದನ್ನು ದಿನಾ ನೋಡುತ್ತೇನೆ. ಯಾವ ಬಂಡೆಯಿಂದ ಬಂದದ್ದು, ಯಾರು ಕಡಿದದ್ದು ಹೇಳುವವರು ಮನೆಯಲ್ಲೇ ಇರುತ್ತಾರೆ. ಕೇಳುವವರಿಲ್ಲ. ಅಷ್ಟು ದೂರ ಯಾಕೆ, ಲಾಲ್‌ಬಾಗಿನ ಬಂಡೆಯೂ ಮಲ್ಪೆಯ ಹಾಗೇ ರಾಷ್ಟ್ರೀಯ ಸ್ಮಾರಕ. ಸುಮಾರು 300 ಕೋಟಿ ವರ್ಷ ಅದಕ್ಕೆ. ಅದರ ಮೇಲೆ ಕಡಲೆಕಾಯಿ ತಿಂದು ಸಿಪ್ಪೆ ಒದರಿ ಎದ್ದು ಬರುತ್ತೇವೆ.

ಉಡುಪಿಯಿಂದ ಬಂದ ಮೇಲೆ ಹುಡುಗ ತನ್ನ ಕಲ್ಲುಗಳನ್ನೆಲ್ಲ ಹರವಿಕೊಂಡು ಕೂತು ಒಂದೊಂದಕ್ಕೂ ಚೀಟಿ ಬರೆದ. ಊರು, ತಾರೀಖು, ಕೊಟ್ಟವರು ಯಾರು, ಅಲ್ಲಿಯವರು ಅದನ್ನು ಏನಂತ ಕರೆಯುತ್ತಾರೆ. ಕೊನೆಯದನ್ನು ನಾನು ಹೇಳಿಕೊಟ್ಟಿರಲಿಲ್ಲ.

ನಿಮ್ಮೂರಿನ ಕಡೆ ಕಲ್ಲಿಗೆ, ಬಂಡೆಗೆ ಏನೇನು ಹೆಸರಿವೆ? ಕಲ್ಲು ಕಡಿಯುವ ಹಿರಿಯರು ಯಾರಾದರೂ ಇದ್ದರೆ ಒಂದು ಸಲ ಹತ್ತಿರ ಕೂತು ಕೇಳಿ, ಬರೆದಿಡಿ. ಯಾವ ಬುಕಾನನ್ನೂ ಇನ್ನೊಮ್ಮೆ ಬರುವುದಿಲ್ಲ.