ನೆರೆ ಇಳಿದ ಮೇಲೂ ಬೇಕಾಗುವ ಹಣ

2019ರ ಆಗಸ್ಟ್ ಮೊದಲ ವಾರ ಮಲಪ್ರಭೆ, ಘಟಪ್ರಭೆ, ಮಾರ್ಕಂಡೇಯ, ಕೃಷ್ಣೆ ಒಟ್ಟಿಗೇ ಉಕ್ಕಿದಾಗ ಬೆಳಗಾವಿ ಜಿಲ್ಲೆಗೆ ಎಲ್ಲಕ್ಕಿಂತ ಮೊದಲು ಬಂದು ಮುಟ್ಟಿದ್ದು ರೊಟ್ಟಿ. ನೀರು ಕಾಣದ ಬಯಲುಸೀಮೆಯ ಊರುಗಳಲ್ಲಿ ಹೆಣ್ಣುಮಕ್ಕಳು ಗುಡಿಯ ಮುಂದೆ, ಸಮುದಾಯ ಭವನದಲ್ಲಿ ಕೂತು ಖಡಕ್ ರೊಟ್ಟಿ ಬಡಿದರು. ಶೇಂಗಾ ಚಟ್ನಿ ಕುಟ್ಟಿ ಟೆಂಪೊಗಳಲ್ಲಿ ಕಳಿಸಿದರು. ಅದರ ಹಿಂದೆ ಚಾದರ, ಸೀರೆ, ನೀರಿನ ಬಾಟಲಿ ಬಂದವು. ಸಂಸ್ಥೆಗಳ ಬ್ಯಾಂಕ್ ಖಾತೆಗೆ ಹಣ ಬಂದದ್ದು ಆಮೇಲೆ. ಹದಿನೈದು ಇಪ್ಪತ್ತು ದಿನ ಕಳೆದು ಟಿ.ವಿ. ಪರದೆಯಿಂದ ನೀರು ಮಾಯವಾದಾಗ ಹಣವೂ ನಿಂತಿತು.

ಆದರೆ ಮಣ್ಣಿನ ಗೋಡೆ ಟಿ.ವಿ. ನೋಡಿ ಬೀಳುವುದಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಪೂರ್ವದ ಬೀಡಿ, ಕಕ್ಕೇರಿ, ಇಟಗಿಯವರೆಗೆ ಖಾನಾಪುರ ತಾಲ್ಲೂಕಿನಲ್ಲಿ ಮಣ್ಣಿನ ಮನೆಗಳು ಇನ್ನೂ ಬಹಳ. ವಾರಗಟ್ಟಲೆ ನೆನೆದ ಗೋಡೆ ಬಿಸಿಲು ಬಿದ್ದ ಮೇಲೆ ಬಿರುಕು ಬಿಟ್ಟು ಕುಸಿಯುತ್ತದೆ. ಭತ್ತದ ಸಸಿ ಕೊಳೆತದ್ದು ತಿಳಿಯುವುದೂ ನೀರು ಇಳಿದ ಮೇಲೆಯೇ. ಹಣ ಸುದ್ದಿಯ ಜತೆ ಬರುತ್ತದೆ, ಹಾನಿ ತಡವಾಗಿ ಕಾಣುತ್ತದೆ. ನಮ್ಮ ಭಾಗದಲ್ಲಿ ಬಿಕ್ಕಟ್ಟಿಗಾಗಿ ಹಣ ಎತ್ತಿದವರು ಒಂದೂವರೆ ಶತಮಾನದಿಂದ ಈ ಅಂತರದೊಂದಿಗೆ ಹೆಣಗುತ್ತಿದ್ದಾರೆ.

1876–78ರ ಬರದಿಂದ ಶುರು ಮಾಡಬಹುದು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು, ಹಸಿವು ಮೂರನ್ನೂ ಕಾಡಿತ್ತು. 1877ರಲ್ಲಿ ಲಂಡನ್ನಿನ ಮೇಯರ್ ತೆರೆದ ಮ್ಯಾನ್ಶನ್ ಹೌಸ್ ನಿಧಿಗೆ ಲಕ್ಷಗಟ್ಟಲೆ ಪೌಂಡ್ ಸೇರಿ, ಮುಖ್ಯವಾಗಿ ಮದ್ರಾಸ್ ಮತ್ತು ಮೈಸೂರು ಸೀಮೆಗೆ ಹಂಚಿಕೆಯಾಯಿತು. ಆ ನಿಧಿಯ ಒಂದು ಗುಣವನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಮಳೆ ಬಂದ ಮೇಲೂ ಅದು ಕೈಬಿಡಲಿಲ್ಲ, ರೈತರಿಗೆ ಬೀಜಕ್ಕೆ, ಎತ್ತಿಗೆ, ಮನೆಯ ಹೊದಿಕೆಗೆ ಹಣ ಕೊಟ್ಟಿತು. ಮದ್ರಾಸ್ ಸಮಿತಿಯ ಕಾರ್ಯದರ್ಶಿಯಾಗಿದ್ದ ವಿಲಿಯಂ ಡಿಗ್ಬಿ ಇದನ್ನೆಲ್ಲ ಎರಡು ಸಂಪುಟಗಳಲ್ಲಿ ಬರೆದಿಟ್ಟ. ಇತ್ತ 1870ರಲ್ಲಿ ಹುಟ್ಟಿದ ಪುಣೆ ಸಾರ್ವಜನಿಕ ಸಭಾ ಊರೂರಿನಿಂದ ಬರದ ವರದಿ ತರಿಸಿ ಸರ್ಕಾರದ ಮುಂದಿಟ್ಟಿತು. ಹಣ ಕೇಳುವವರು ಮೊದಲು ವಿಷಯ ಸಂಗ್ರಹಿಸಬೇಕು ಎಂಬ ಶಿಸ್ತು ಈ ಸೀಮೆಗೆ ಅಲ್ಲಿಂದ ಬಂತು.

ಅದೇ ಕಾಲದಲ್ಲಿ ಧಾರವಾಡ, ಹುಬ್ಬಳ್ಳಿ, ಗುಳೇದಗುಡ್ಡಗಳಲ್ಲಿ ಕೆಲಸ ಮಾಡುತ್ತಿದ್ದ ಬಾಸೆಲ್ ಮಿಶನ್ನಿನ ಹಿಂದೆ ಬೇರೆಯದೇ ಏರ್ಪಾಡಿತ್ತು. 1855ರ ಸುಮಾರಿಗೆ ಸ್ವಿಟ್ಜರ್ಲೆಂಡಿನಲ್ಲಿ ಶುರುವಾದ ವಾರದ ವಂತಿಗೆ ಅದು. ಸಾಮಾನ್ಯ ಮನೆಗಳವರು ವಾರಕ್ಕೊಂದು ಚಿಕ್ಕ ನಾಣ್ಯ ಕೊಡುತ್ತಿದ್ದರು, ಊರಿನವರೇ ಒಬ್ಬರು ಮನೆಮನೆಗೆ ಹೋಗಿ ಅದನ್ನು ಎತ್ತುತ್ತಿದ್ದರು. ಕೊಟ್ಟವರಿಗೆ ಮಿಶನ್ನಿನ ಪತ್ರಿಕೆಯಿಂದ ದೂರದ ಊರುಗಳ ಸುದ್ದಿ ಸಿಗುತ್ತಿತ್ತು. ಬರ ಬಂದಾಗ ಹೊಸದಾಗಿ ಯಾರ ಬಾಗಿಲನ್ನೂ ಬಡಿಯಬೇಕಾಗಿರಲಿಲ್ಲ. ಮತಪ್ರಚಾರದ ಬಗ್ಗೆ ಏನೇ ಅಭಿಪ್ರಾಯವಿರಲಿ, ಕೊಡುವವರನ್ನು ಬಿಕ್ಕಟ್ಟಿಗೆ ಮುಂಚೆಯೇ ಜತೆಗಿಟ್ಟುಕೊಂಡ ಈ ಕ್ರಮ ಕಲಿಯುವಂಥದ್ದು.

 1897ರಲ್ಲಿ ಸ್ವಾಮಿ ವಿವೇಕಾನಂದರ ಗುರುಬಂಧು ಅಖಂಡಾನಂದರು ಮುರ್ಶಿದಾಬಾದಿನ ಬರದಲ್ಲಿ ಸೇವೆಗೆ ನಿಂತಲ್ಲಿಂದ ರಾಮಕೃಷ್ಣ ಮಿಶನ್ನಿನ ಪರಿಹಾರ ಕಾರ್ಯ ಆರಂಭವಾಯಿತು. ಆಮೇಲೆ ಬಂದದ್ದು ಪೈಸಾ ಫಂಡ್. ಅಂತಾಜಿ ದಾಮೋದರ ಕಾಳೆ ಅದನ್ನು ಕಟ್ಟಿದರು, ತಿಲಕರು ಬೆನ್ನಿಗೆ ನಿಂತರು. ಅದರ ಗುರಿ ಸ್ವದೇಶಿ ಕೈಗಾರಿಕೆಯಾಗಿದ್ದರೂ, ಬಡವನ ಒಂದು ಪೈಸೆಗೂ ಲೆಕ್ಕ ಕೊಡಬೇಕು ಎಂಬ ಅಭ್ಯಾಸ ಅದರಿಂದ ಬೆಳೆಯಿತು.

1924ರ ಜುಲೈಯಲ್ಲಿ ಮಲಬಾರ್ ಮುಳುಗಿತು. ಗಾಂಧೀಜಿ ತಮ್ಮ ‘ಯಂಗ್ ಇಂಡಿಯಾ’ ಮತ್ತು ‘ನವಜೀವನ’ದಲ್ಲಿ ಕರೆ ಕೊಟ್ಟರು. ಸೇರಿದ್ದು ಸುಮಾರು 7,000 ರೂಪಾಯಿ. ಮೊತ್ತಕ್ಕಿಂತ ಅದನ್ನು ಎತ್ತಿದ ರೀತಿಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಬಳೆ ಬಿಚ್ಚಿಕೊಟ್ಟ ಹೆಂಗಸರು, ಒಂದು ಹೊತ್ತಿನ ಊಟ ಬಿಟ್ಟವರು, ಹಾಲು ಬಿಟ್ಟು ಅದರ ದುಡ್ಡು ಕಳಿಸಿದವರು, ಎಲ್ಲರ ವಿಷಯವನ್ನೂ ಅವರು ಪತ್ರಿಕೆಯಲ್ಲಿ ಬರೆದರು. ಪಡೆದವರ ದೈನ್ಯವನ್ನು ತೋರಿಸದೆ ಕೊಟ್ಟವರ ತ್ಯಾಗವನ್ನು ತೋರಿಸಿ ಹಣ ಎತ್ತಿದರು.  

ಬೆಳಗಾವಿಯವರ ದಾನಬುದ್ಧಿಯನ್ನು ಅಳೆಯಬೇಕಾದರೆ ಶಾಲೆಗಳ ಕಡೆ ನೋಡಬೇಕು. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳಿಗಾಗಿ ಬರೆದಿಟ್ಟರು. 1916ರಲ್ಲಿ ಏಳು ಜನ ಶಿಕ್ಷಣಾಸಕ್ತರು ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಕಟ್ಟಿದರು. 1933ರಲ್ಲಿ ಅದು ತೆರೆದ ಕಾಲೇಜಿಗೆ ಲಿಂಗರಾಜರ ಹೆಸರೇ ಬಂತು. ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಕಟ್ಟಿದ ಪ್ರಸಾದ ನಿಲಯಗಳು ಇದರ ಇನ್ನೊಂದು ಮುಖ. ಶಾಲೆಗೆ ನಮ್ಮವರು ಜಮೀನು, ಶಾಶ್ವತ ನಿಧಿ, ಇಡೀ ಎಸ್ಟೇಟನ್ನೇ ಕೊಟ್ಟರು. ನೆರೆಗೆ, ಬರಕ್ಕೆ ಅಂಥ ನಿಧಿ ಇಟ್ಟವರು ನನಗೆ ಕಂಡಿಲ್ಲ. ಪ್ರತಿ ಸಲ ಹೊಸದಾಗಿ ಜೋಳಿಗೆ ಹಿಡಿಯಬೇಕಾಗಿದೆ. ಪರಿಹಾರ ಕ್ಷೇತ್ರದ ದೊಡ್ಡ ಕೊರತೆ ಇದೇ ಎಂದು ನಾನು ತಿಳಿದಿದ್ದೇನೆ.

ಸ್ವಾತಂತ್ರ್ಯದ ನಂತರದ ಕೆಲವು ದಶಕಗಳನ್ನು ಬೇಗ ದಾಟಬಹುದು. 1972ರ ಬರದಲ್ಲಿ ವಿದೇಶಿ ನೆರವು ಸಂಸ್ಥೆಗಳು ದೇಶದ ಒಳನಾಡಿಗೂ ಬಂದವು. ತುರ್ತುಪರಿಸ್ಥಿತಿಯ ನಡುವೆ, 1976ರಲ್ಲಿ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಬಂತು. 1993ರ ಲಾತೂರು ಭೂಕಂಪದಲ್ಲಿ ಪತ್ರಿಕೆಗಳು, ಟ್ರಸ್ಟುಗಳು ಇಡೀ ಊರನ್ನು ದತ್ತು ತೆಗೆದುಕೊಳ್ಳುವ ಪದ್ಧತಿ ಗಟ್ಟಿಯಾಯಿತು.

ಆ ಪದ್ಧತಿ ನಮ್ಮಲ್ಲಿ ಪೂರ್ತಿ ಬೆಳೆದು ನಿಂತದ್ದು 2009ರಲ್ಲಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮುಖ್ಯಮಂತ್ರಿ ಯಡಿಯೂರಪ್ಪ ಬೆಂಗಳೂರಿನ ಬೀದಿಗಳಲ್ಲಿ ಪಾದಯಾತ್ರೆ ಮಾಡಿ ದೇಣಿಗೆ ಎತ್ತಿದರು. ‘ಆಸರೆ’ ಯೋಜನೆಯಲ್ಲಿ ಕಂಪನಿಗಳು, ಪ್ರತಿಷ್ಠಾನಗಳು, ಮಠಗಳು ಸರ್ಕಾರದ ಜತೆ ಒಪ್ಪಂದ ಮಾಡಿಕೊಂಡು ಮನೆ ಕಟ್ಟಿಸಿಕೊಟ್ಟವು. ಸಾವಿರಾರು ಮನೆಗಳು ಎದ್ದವು, ಅನೇಕ ಕಡೆ ಖಾಲಿಯೂ ಉಳಿದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಕಾಳು ಇಡುವ ಹಗೇವು ಇಲ್ಲ. ದಾನಿಗೆ ಮನೆಯ ನಕ್ಷೆ ತೋರಿಸಿದರು, ಅಲ್ಲಿ ಬಾಳಬೇಕಾದವರನ್ನು ಕೇಳಿದ್ದು ಕಡಿಮೆ.

ಹತ್ತು ವರ್ಷದ ನಂತರ 2019ರಲ್ಲಿ ಅದೇ ಮುಖ್ಯಮಂತ್ರಿ, ಊರಿನ ಪುನರ್‌ನಿರ್ಮಾಣಕ್ಕೆ 10 ಕೋಟಿಗಿಂತ ಹೆಚ್ಚು ಕೊಟ್ಟ ಕಂಪನಿಯ ಹೆಸರನ್ನು ಆ ಊರಿಗೇ ಇಡುವುದಾಗಿ ಉದ್ಯಮಿಗಳ ಮುಂದೆ ಹೇಳಿದರು. ಜನ ಸಿಟ್ಟಾದರು, ಸಿಟ್ಟಾದದ್ದು ಸರಿ. ಊರಿನ ಹೆಸರು ಊರವರದ್ದು, ದಾನಿಯನ್ನು ಗೌರವಿಸುವುದಕ್ಕೆ ಬೇರೆ ದಾರಿಗಳಿವೆ. ಆದರೆ ಅಂಥ ಮಾತು ಹುಟ್ಟಿದ ಸಂದರ್ಭವನ್ನೂ ಗಮನಿಸಬೇಕು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ವಿಪತ್ತು ನಿರ್ವಹಣೆ ಅಂಥ ಕೆಲಸಗಳ ಪಟ್ಟಿಗೆ ಸೇರಿದ್ದು 2019ರ ಮೇ ತಿಂಗಳಲ್ಲಿ, ನೆರೆಗೆ ಎರಡೇ ತಿಂಗಳು ಮುಂಚೆ. ಕಂಪನಿಗಳ ಹಣಕ್ಕೆ ಪೈಪೋಟಿ ಆಗಷ್ಟೇ ಶುರುವಾಗಿತ್ತು.

2020ರ ಕೊರೊನಾ ಈ ಪೈಪೋಟಿಯನ್ನು ಪೂರ್ತಿ ಬಯಲಿಗೆ ತಂದಿತು. ಪಿಎಂ ಕೇರ್ಸ್ ನಿಧಿಗೆ ಮಾರ್ಚ್ ಕೊನೆಯ ಐದು ದಿನಗಳಲ್ಲೇ 3,076 ಕೋಟಿ ರೂಪಾಯಿ ಸೇರಿತು. ಅದಕ್ಕೆ ಕೊಟ್ಟದ್ದು ಕಂಪನಿಗಳ ಶೇ 2ರ ಲೆಕ್ಕಕ್ಕೆ ಸಲ್ಲುತ್ತದೆ, ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟದ್ದು ಸಲ್ಲುವುದಿಲ್ಲ ಎಂದು ಕೇಂದ್ರ ಸ್ಪಷ್ಟಪಡಿಸಿತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮತ್ತು ವಿಪ್ರೊ ಸಮೂಹ ಒಟ್ಟು 1,125 ಕೋಟಿ ಘೋಷಿಸಿದವು. ಮಿಲಾಪ್, ಕೆಟ್ಟೊ, ಗಿವ್‌ಇಂಡಿಯಾದಂಥ ವೇದಿಕೆಗಳಲ್ಲಿ ಸಾಮಾನ್ಯರೂ ಮೊಬೈಲಿನಿಂದಲೇ ಕೊಟ್ಟರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ಕಾಯ್ದೆಯ ತಿದ್ದುಪಡಿ ಬಂತು. ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು, ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯ ಖಾತೆಗೆ ಬರಬೇಕು. ಮೊದಲು ನಗರದ ದೊಡ್ಡ ಸಂಸ್ಥೆ ಹಣ ತಂದು ಹಳ್ಳಿಯ ಚಿಕ್ಕ ಸಂಸ್ಥೆಗೆ ಕೊಡುತ್ತಿತ್ತು. ಆ ಸೇತುವೆ ಮುರಿಯಿತು. ಬೆಂಗಳೂರಿನ ದಾನಿಗೂ ಬೀಡಿ ಊರಿನ ಕೂಲಿ ಹೆಣ್ಣುಮಗಳಿಗೂ ನಡುವೆ ಇದ್ದವರು ತೆಳ್ಳಗಾದರು.

ಈ ಚಿಕ್ಕ ಸಂಸ್ಥೆಗಳು ಮಾಡುವ ಕೆಲಸವನ್ನು ದಾನಿಗಳಿಗೆ ವಿವರಿಸುವುದು ಕಷ್ಟ. ಖಾನಾಪುರ ತಾಲ್ಲೂಕಿನಲ್ಲಿ ಜಾಗೃತಿ ಮಹಿಳಾ ಒಕ್ಕೂಟ ಹೆಣ್ಣುಮಕ್ಕಳ ಗುಂಪು ಕಟ್ಟಿ, ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳಿ ಪಡೆಯುವುದನ್ನು ಅಭ್ಯಾಸ ಮಾಡಿಸಿದೆ. 2020–21ರಲ್ಲಿ ಕರ್ನಾಟಕದ ಖಾತ್ರಿ ಕೂಲಿ ದಿನಕ್ಕೆ 275 ರೂಪಾಯಿ ಇತ್ತು. ಆಗ ನೂರು ದಿನ ಪೂರ್ತಿ ಸಿಕ್ಕರೆ ಒಂದು ಮನೆಗೆ 27,500. ಕೊರೊನಾ ಕಾಲದಲ್ಲಿ ಗೋವಾದ ಕೆಲಸ ನಿಂತು ಊರಿಗೆ ಬಂದ ಕುಟುಂಬಕ್ಕೆ ಇದರ ಮುಂದೆ ದಿನಸಿ ಕಿಟ್ಟಿನ ಬೆಲೆ ಎಷ್ಟು? ಆದರೆ ಕೆಲಸ ಕೇಳುವ ಅರ್ಜಿಯಾದ ನಮೂನೆ 6 ತುಂಬಿಸಿ, ರಸೀದಿ ಕೇಳಿ, ಪಂಚಾಯಿತಿಗೆ ಮತ್ತೆ ಮತ್ತೆ ಅಲೆಯುವ ಕಾರ್ಯಕರ್ತೆಗೆ ಸಂಬಳ, ಬಸ್ ಚಾರ್ಜು ಬೇಕು. ಕಿಟ್ಟಿಗೆ ಕೊಡುವ ಕೈ ಸಂಬಳಕ್ಕೆ ಬಂದಾಗ ಹಿಂದೆ ಸರಿಯುತ್ತದೆ.

ಕೊಡುವವರ ಮನಸ್ಸನ್ನು ಸಂಶೋಧಕರು ಅಳೆದಿದ್ದಾರೆ. 2004ರ ಸುನಾಮಿಯ ಬಗ್ಗೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ ರಾತ್ರಿಯ ವಾರ್ತೆಯಲ್ಲಿ ಒಂದು ನಿಮಿಷ ಹೆಚ್ಚು ಪ್ರಸಾರವಾದಾಗ ದಾನ ಶೇ 13ರಷ್ಟು ಏರಿದ್ದು ಕಂಡಿತು. 2007ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಮಾಲಿ ದೇಶದ ಒಬ್ಬ ಹುಡುಗಿಯ ಕಥೆ ಓದಿದವರು ಹೆಚ್ಚು ಕೊಟ್ಟರು, ಕಥೆಯ ಜತೆ ಅಂಕಿಅಂಶ ಸೇರಿಸಿದಾಗ ಕಡಿಮೆ ಕೊಟ್ಟರು. ಒಂದು ಮುಖ ತೋರಿಸಿ, ಬೇಗ ಕೇಳಿ ಎಂಬ ಸಲಹೆ ಇಂಥ ಶೋಧನೆಗಳಿಂದ ಹುಟ್ಟಿತು, ನಿಧಿ ಸಂಗ್ರಹದ ತರಬೇತಿಗಳಲ್ಲೆಲ್ಲ ಹಬ್ಬಿತು. ಅದು ಕೆಲಸ ಮಾಡುತ್ತದೆ. ಆದರೂ ಅಳುವ ಮಗುವಿನ ಫೋಟೊ ಹಾಕಿ ಎತ್ತಿದ ಹಣ ಆ ಮಗುವಿನ ಮಾನವನ್ನು ಖರ್ಚು ಮಾಡಿ ಎತ್ತಿದ್ದು. ಊರು ಚಿಕ್ಕದು, ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ತಿರುಗಿ ಅದೇ ಓಣಿಗೆ ಬರುತ್ತದೆ.

ಇನ್ನೊಂದು ಲೆಕ್ಕ. ಅಶೋಕ ವಿಶ್ವವಿದ್ಯಾಲಯದ ಕೇಂದ್ರವೊಂದು ಭಾರತದ ಕುಟುಂಬಗಳು 2020–21ರಲ್ಲಿ ಸುಮಾರು 23,700 ಕೋಟಿ ರೂಪಾಯಿ ದಾನ ಮಾಡಿದವು ಎಂದು ಅಂದಾಜಿಸಿತು. ಅದರಲ್ಲಿ ಶೇ 70ರಷ್ಟು ಧಾರ್ಮಿಕ ಸಂಸ್ಥೆಗಳಿಗೆ, ಶೇ 5ರಷ್ಟು ಮಾತ್ರ ಇತರ ಸಂಸ್ಥೆಗಳಿಗೆ. ನಮ್ಮ ಜನಕ್ಕೆ ಕೊಡುವ ಗುಣವಿಲ್ಲ ಎಂಬ ದೂರು ಹಾಗಾದರೆ ನಿಲ್ಲುವುದಿಲ್ಲ. ಗುಡಿಗೆ, ಮಠಕ್ಕೆ ಕೊಡುವವರು ಅಲ್ಲಿಗೆ ವರ್ಷವೂ ಹೋಗುತ್ತಾರೆ, ಕೊಟ್ಟದ್ದು ದಾಸೋಹವಾಗುವುದನ್ನು ಕಣ್ಣಾರೆ ನೋಡುತ್ತಾರೆ. ಸಂಸ್ಥೆಗಳು ಆ ನೋಟವನ್ನು ಒದಗಿಸಿಲ್ಲ. ವರದಿ ಇಂಗ್ಲಿಷಿನಲ್ಲಿ ಬರೆದು ಬೆಂಗಳೂರಿಗೆ ಕಳಿಸುತ್ತವೆ, ಖಾನಾಪುರದ ಅಂಗಡಿಕಾರ ಕೊಟ್ಟ ಐನೂರು ರೂಪಾಯಿ ಏನಾಯಿತೆಂದು ಅವನಿಗೆ ತಿಳಿಯುವುದೇ ಇಲ್ಲ.

ಹೊಸ ದಾರಿಗಳೂ ತೆರೆಯುತ್ತಿವೆ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಉನ್ನತಿ ಪ್ರತಿಷ್ಠಾನ ಸೇವಾ ಸಂಸ್ಥೆಗಳು ಹಣ ಎತ್ತಲೆಂದು ಇರುವ ಸಾಮಾಜಿಕ ಷೇರುಪೇಟೆಯ ಪಟ್ಟಿಗೆ ದೇಶದಲ್ಲೇ ಮೊದಲಿಗೆ ಸೇರಿ 1.8 ಕೋಟಿ ಎತ್ತಿತು. ಲೆಕ್ಕಪರಿಶೋಧಕರು, ವಕೀಲರು ಇರುವ ಸಂಸ್ಥೆಗೆ ಅದು ಸಾಧ್ಯ. ಬೀಡಿಯಲ್ಲಿ ಒಂದು ಕೋಣೆಯಲ್ಲಿ ನಡೆಯುವ ಸಂಘಕ್ಕೆ ಬೇಕಾದದ್ದು ಬೇರೆ. ಮೇ ತಿಂಗಳಲ್ಲೇ ಬೆಳಗಾವಿಯ ನಲವತ್ತು ಐವತ್ತು ಮನೆಗಳಿಂದ, ಗೋವಾ, ಪುಣೆಯಲ್ಲಿರುವ ಊರಿನ ಮಕ್ಕಳಿಂದ ತಿಂಗಳ ವಂತಿಗೆಯ ಒಪ್ಪಿಗೆ ಪಡೆಯಬೇಕು. ಅದರಲ್ಲಿ ಅರ್ಧವನ್ನು ಅಕ್ಟೋಬರ್ ನಂತರದ ಗೋಡೆಗೆ, ಬೀಜಕ್ಕೆ, ಕಾರ್ಯಕರ್ತೆಯ ಸಂಬಳಕ್ಕೆ ಎಂದು ಮೊದಲೇ ಬರೆದಿಟ್ಟು ದಾನಿಗೂ ಹೇಳಬೇಕು. ನೆರೆ ಬರದ ವರ್ಷವೂ ಕನ್ನಡದಲ್ಲಿ, ಗಡಿಯ ಊರುಗಳಿಗೆ ಮರಾಠಿಯಲ್ಲೂ, ಒಂದು ಪುಟದ ಲೆಕ್ಕ ಬರೆದು ಗ್ರಾಮ ಪಂಚಾಯಿತಿಯ ಫಲಕಕ್ಕೆ ಅಂಟಿಸಬೇಕು, ಕೊಟ್ಟ ಪ್ರತಿ ಮನೆಗೆ ಅಂಚೆಯಲ್ಲಿ ಕಳಿಸಬೇಕು.