ಡೇಟಾಬೇಸ್ ಕ್ಲೈಂಟ್ ಪ್ಯಾಕೇಜ್: ಲೈಬ್ರರಿ ಘರ್ಷಣೆ ತಪ್ಪಿಸುವುದು ಹೇಗೆ?

ಚೆನ್ನೈ: ನಿನ್ನೆಯವರೆಗೆ ಚೆನ್ನಾಗಿದ್ದ ಕಚೇರಿ ತಂತ್ರಾಂಶ, ಕಂಪ್ಯೂಟರ್‌ಗೆ ಹೊಸ ಲಿನಕ್ಸ್ ಆವೃತ್ತಿ ಹಾಕಿದ ಮರುದಿನ ಡೇಟಾಬೇಸ್‌ಗೆ ಸಂಪರ್ಕವನ್ನೇ ಪಡೆಯುವುದಿಲ್ಲ. ಕೌಂಟರ್ ಮುಂದೆ ಜನ ಕಾಯುತ್ತಾರೆ. ಇಂಥ ತೊಂದರೆಗೆ ಹಲವು ಬಾರಿ ಪ್ಯಾಕೇಜ್ ಕಟ್ಟಿದ ರೀತಿಯೇ ಕಾರಣ.

ಚೆನ್ನೈನ ಸಿ-ಡ್ಯಾಕ್ ಕೇಂದ್ರ ಅಭಿವೃದ್ಧಿಪಡಿಸಿ, 2007ರಲ್ಲಿ ಮೊದಲು ಬಿಡುಗಡೆಯಾದ ಬಾಸ್ ಲಿನಕ್ಸ್‌ಗೆ ಡೆಬಿಯನ್ ಆಧಾರ. ಹಾಗಾಗಿ ಅದಕ್ಕೂ ಡೆಬಿಯನ್ ಪ್ಯಾಕೇಜ್ ನಿಯಮಗಳೇ ದಾರಿ.

ಘರ್ಷಣೆ ಏಕೆ?

ಪೋಸ್ಟ್‌ಗ್ರೆಸ್ ಡೇಟಾಬೇಸ್‌ ಜೊತೆ ಮಾತನಾಡುವ ಹೆಚ್ಚಿನ ತಂತ್ರಾಂಶಗಳಿಗೆ 'ಲಿಬ್‌ಪಿಕ್ಯೂ' ಲೈಬ್ರರಿ ಬೇಕು. ಅದಕ್ಕೆ ಓಪನ್‌ಎಸ್‌ಎಸ್‌ಎಲ್ ಬೇಕು. ಡೆಬಿಯನ್ 11ರಲ್ಲಿ ಓಪನ್‌ಎಸ್‌ಎಸ್‌ಎಲ್ 1.1 ಇತ್ತು, 12ರಲ್ಲಿ ಅದರ ಜಾಗಕ್ಕೆ 3.0 ಬಂತು. 11ರ ಲಿಬ್‌ಪಿಕ್ಯೂ ಪ್ರತಿಯನ್ನು ತಂತ್ರಾಂಶದೊಳಗೇ ತುಂಬಿ ಕೊಟ್ಟಿದ್ದರೆ, ಅದು 12ರಲ್ಲಿ ಹಳೆಯ 1.1 ಅನ್ನೇ ಹುಡುಕುತ್ತದೆ. ಸಿಸ್ಟಮ್‌ನ ಲಿಬ್‌ಪಿಕ್ಯೂ ಬಳಸಿದ್ದರೆ ಈ ತೊಂದರೆ ಇಲ್ಲ. ಎರಡರಲ್ಲೂ ಅದರ ಪ್ಯಾಕೇಜ್ ಹೆಸರು 'ಲಿಬ್‌ಪಿಕ್ಯೂ5' ಎಂದೇ ಇದೆ.

ಏನು ಮಾಡಬೇಕು?

* ಯಾವ ಆವೃತ್ತಿಯಲ್ಲಿ ಬಳಸುತ್ತಾರೋ ಅದೇ ಆವೃತ್ತಿಯ ಶುದ್ಧ ಪರಿಸರದಲ್ಲಿ ಪ್ಯಾಕೇಜ್ ಕಟ್ಟಿ.
* ಅವಲಂಬನೆಗಳ ಪಟ್ಟಿಯನ್ನು ಊಹಿಸಿ ಬರೆಯಬೇಡಿ. 'ಡಿಪಿಕೆಜಿ-ಶ್‌ಲಿಬ್‌ಡೆಪ್ಸ್' ಸಾಧನ ಪ್ರೋಗ್ರಾಂ ಪರಿಶೀಲಿಸಿ ಬೇಕಾದ ಲೈಬ್ರರಿಗಳನ್ನು ತಾನೇ ಸೇರಿಸುತ್ತದೆ.
* ಸಿಸ್ಟಮ್ ಲೈಬ್ರರಿ ಮೇಲೆ ನಿಮ್ಮ ಪ್ರತಿ ಹಾಕಬೇಡಿ. ಬೇರೆ ಪ್ಯಾಕೇಜಿನ ಕಡತವನ್ನು ಅಳಿಸಿ ಬರೆಯಲು ಡಿಪಿಕೆಜಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಬಲವಂತ ಮಾಡಿದರೆ ಅದೇ ಲೈಬ್ರರಿ ನಂಬಿದ ಉಳಿದ ತಂತ್ರಾಂಶಗಳೂ ಕೈಕೊಡಬಹುದು.
* ಸ್ವಂತ ಪ್ರತಿ ಅನಿವಾರ್ಯವಾದರೆ ತಂತ್ರಾಂಶದ್ದೇ ಪ್ರತ್ಯೇಕ ಫೋಲ್ಡರ್‌ನಲ್ಲಿಡಿ. ಅದನ್ನು ಹುಡುಕುವ ದಾರಿಯನ್ನು ಆ ಪ್ರೋಗ್ರಾಂಗೆ ಮಾತ್ರ ತಿಳಿಸಿ.

ಪೋಸ್ಟ್‌ಗ್ರೆಸ್‌ನ ಕ್ಲೈಂಟ್ ಪ್ರೋಗ್ರಾಂಗಳಿಗೂ ಡೆಬಿಯನ್ ಇದೇ ಉಪಾಯ ಮಾಡಿದೆ: ಪ್ರತಿ ಆವೃತ್ತಿಗೂ ಬೇರೆ ಫೋಲ್ಡರ್. ಹೀಗಾಗಿ 13 ಮತ್ತು 15 ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರುತ್ತವೆ.

ಎಚ್ಚರ ಇರಲಿ

ತುಂಬಿ ಕೊಟ್ಟ ಪ್ರತಿಗೆ ಸಿಸ್ಟಮ್‌ನ ಭದ್ರತಾ ಅಪ್‌ಡೇಟ್ ತಲುಪುವುದಿಲ್ಲ. ಆ ಹೊಣೆ ನಿಮ್ಮದೇ. ಅದು ಹಳತಾದಷ್ಟೂ ಕಷ್ಟ ಹೆಚ್ಚು. 2021ರ ಪೋಸ್ಟ್‌ಗ್ರೆಸ್ 14ರಿಂದ ಪಾಸ್‌ವರ್ಡ್‌ಗೆ 'ಸ್ಕ್ರ್ಯಾಮ್' ವಿಧಾನವೇ ಡೀಫಾಲ್ಟ್. 10ಕ್ಕಿಂತ ಹಳೆಯ ಲಿಬ್‌ಪಿಕ್ಯೂಗೆ ಅದು ತಿಳಿಯದು; ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಆಗುವುದಿಲ್ಲ.

ವಿತರಿಸುವ ಮುನ್ನ, ಏನೂ ಹೆಚ್ಚುವರಿ ಇಲ್ಲದ ಹೊಸ ಯಂತ್ರದಲ್ಲಿ ಪ್ಯಾಕೇಜ್ ಹಾಕಿ, ನಿಜವಾದ ಸರ್ವರ್‌ಗೆ ಲಾಗಿನ್ ಆಗಿ ನೋಡಿ. ಕಟ್ಟಿದವರ ಯಂತ್ರದಲ್ಲಿ ಎಲ್ಲ ಲೈಬ್ರರಿಗಳೂ ಮೊದಲೇ ಇರುವುದರಿಂದ ಅಲ್ಲಿ ಕೊರತೆ ಕಾಣಿಸುವುದಿಲ್ಲ.